ಉತ್ತರೆ ನಕ್ಷತ್ರದ ಪಕ್ಕ ಹಾದುಹೋದ ಕಲ್ಲು

ನಮ್ಮ ಸೋದರಮಾವ ಸಾಗರದ ಸೀಮೆಯ ಒಂದು ಹಳ್ಳಿಯಲ್ಲಿ ಬ್ರಾಂಚ್ ಪೋಸ್ಟ್‌ಮಾಸ್ಟರ್ ಆಗಿದ್ದವರು. ಪೋಸ್ಟಾಫೀಸಿಗೆ ಬೇರೆ ಕಟ್ಟಡ ಇರಲಿಲ್ಲ, ಅವರ ಮನೆಯ ಜಗುಲಿಯ ಮೂಲೆಯೇ ಪೋಸ್ಟಾಫೀಸು. ಒಂದು ಮೇಜು, ಒಂದು ತಕ್ಕಡಿ, ಠಸ್ಸೆ, ಗೂಟಕ್ಕೆ ತೂಗುಹಾಕಿದ ಟಪಾಲು ಚೀಲ. ಮಧ್ಯಾಹ್ನದ ಬಸ್ಸಿಗೆ ಚೀಲ ಹೋಯಿತೆಂದರೆ ಆಮೇಲಿನ ಹೊತ್ತು ತೋಟಕ್ಕೆ. ಕತ್ತಲಾದ ಮೇಲಿನ ಹೊತ್ತು ಆಕಾಶಕ್ಕೆ. ಅವರ ಹತ್ತಿರ ಇದ್ದದ್ದು ಒಂದು ಹತ್ತು-ಐವತ್ತರ ಬೈನಾಕ್ಯುಲರ್ ಮಾತ್ರ. ಅದನ್ನು ಮನೆಯವರೆಲ್ಲ ದುರ್ಬೀನು ಅನ್ನುತ್ತಿದ್ದರು. ಅತ್ತೆಯ ಹಳೇ ಪತ್ತಲದಲ್ಲಿ ಸುತ್ತಿ ದೇವರ ಕೋಣೆಯ ಗೂಡಿನಲ್ಲಿ ಇಡುತ್ತಿದ್ದರು, ಮಕ್ಕಳ ಕೈಗೆ ಎಟುಕಬಾರದು ಅಂತ.

ಮಾವನಿಗೆ ಕಾರ್ಲ್ ಹೆಂಕೆ ಅನ್ನುವವನ ಮೇಲೆ ವಿಪರೀತ ಅಭಿಮಾನ. ಪ್ರಷ್ಯಾದ ಡ್ರೀಸೆನ್ ಅನ್ನುವ ಸಣ್ಣ ಊರಿನ ಅಂಚೆ ಕಚೇರಿಯಲ್ಲಿ ಕೆಲಸ ಮಾಡಿದ ಮನುಷ್ಯ. 'ಅಂವ ನಮ್ಮ ಇಲಾಖೆಯವ' ಅನ್ನುವರು ಮಾವ, ಪಕ್ಕದ ಹೋಬಳಿಯಲ್ಲೇ ಇದ್ದವನ ಹಾಗೆ. ಆ ಕಾಲಕ್ಕೆ ಗೊತ್ತಿದ್ದ ಕ್ಷುದ್ರಗ್ರಹಗಳು ನಾಲ್ಕೇ. ನಾಲ್ಕನೆಯದು ಸಿಕ್ಕಿದ್ದು 1807ರಲ್ಲಿ. ಆಮೇಲೆ ದೊಡ್ಡ ದೊಡ್ಡ ಪಂಡಿತರೂ ಇನ್ನಿಲ್ಲ ಅಂತ ಕೈಬಿಟ್ಟರು. ಹೆಂಕೆ ಬಿಡಲಿಲ್ಲ. 1830ರಲ್ಲಿ ಹುಡುಕಲು ಕೂತವನು ತಾನೇ ನಕ್ಷತ್ರಗಳ ನಕ್ಷೆ ಬರೆದುಕೊಂಡು, ಅದರಲ್ಲಿ ಇಲ್ಲದ ಚುಕ್ಕಿ ಆಕಾಶದಲ್ಲಿ ಇದೆಯೇ ಅಂತ ರಾತ್ರಿ ರಾತ್ರಿ ತಾಳೆ ನೋಡಿದ. ಐದನೆಯದು, ಅಸ್ಟ್ರೀಯಾ, ಅವನಿಗೆ ಕಂಡದ್ದು 1845ರ ಡಿಸೆಂಬರಿನಲ್ಲಿ. ಹದಿನೈದು ವರ್ಷ! ಎರಡು ವರ್ಷ ಕಳೆಯುವುದರೊಳಗೆ ಇನ್ನೊಂದು ಸಿಕ್ಕಿತು. ಅಲ್ಲಿಂದ ಬೇರೆಯವರೂ ಮತ್ತೆ ಹುಡುಕಲು ಎದ್ದರು. ವಿಳಾಸ ಸರಿ ಇಲ್ಲದ ಕಾಗದವನ್ನೂ ಒಡೆಯನಿಗೆ ಮುಟ್ಟಿಸುವವರೆಗೆ ಬಿಡದ ಮಾವನಿಗೆ ಈ ಹೆಂಕೆ ಹಿಡಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ.

ನಾನು ಹೇಳಹೊರಟದ್ದು 2013ರ ಫೆಬ್ರವರಿಯ ಒಂದು ರಾತ್ರಿಯ ಮಾತು. ರಥಸಪ್ತಮಿ ಹತ್ತಿರದಲ್ಲಿತ್ತು. ಊರಿನಲ್ಲಿ ಆಲೆಮನೆ ಶುರುವಾಗಿತ್ತು. ಹಗಲು ಸುಡುವ ಬಿಸಿಲು, ರಾತ್ರಿ ಕಂಬಳಿ ಬೇಕೇಬೇಕು. ಅಂಥ ಹವೆ. ಶಿವಮೊಗ್ಗದಲ್ಲಿ ಕೆಲಸದಲ್ಲಿದ್ದ ನಾನು ಇಂಟರ್ನೆಟ್‌ನಿಂದ ತೆಗೆದ ಒಂದು ಪಟ್ಟಿ ಮಡಚಿಕೊಂಡು ಬಂದಿದ್ದೆ. ಆ ರಾತ್ರಿ ಒಂದು ಗಂಟೆಗೆ ಐದು ನಿಮಿಷ ಇರುವಾಗ 2012 ಡಿಎ14 ಅನ್ನುವ ಕಲ್ಲು ಭೂಮಿಯಿಂದ ಬರೀ 27,700 ಕಿಲೋಮೀಟರ್ ಮೇಲೆ ಹಾದುಹೋಗುವುದಿತ್ತು. ನಮ್ಮ ಟಿವಿಯ ಉಪಗ್ರಹಗಳು ಇರುವುದು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಅಂದರೆ ಅವುಗಳಿಗಿಂತಲೂ ಈಚೆ.

ಅದನ್ನು ಒಂದು ವರ್ಷ ಮೊದಲು ಕಂಡುಹಿಡಿದವರು ಸ್ಪೇನಿನವರು. ಗ್ರನಾಡಾ ಪ್ರಾಂತ್ಯದ ಲಾ ಸಾಗ್ರಾ ಬೆಟ್ಟದ ದೂರದರ್ಶಕದಿಂದ ಹುಡುಕುತ್ತಿದ್ದ ತಂಡ. ಅದರ ಮುಂದಾಳು ಜೌಮೆ ನೊಮೆನ್ ವೃತ್ತಿಯಲ್ಲಿ ಹಲ್ಲಿನ ಡಾಕ್ಟರು. ದೊಡ್ಡ ಸಂಸ್ಥೆಗಳ ದೂರದರ್ಶಕಗಳು ಹೆಚ್ಚು ನೋಡದ ಕಡೆ ನೋಡುವುದು ಅವರ ಪದ್ಧತಿ. ಕಂಡಾಗ ಆ ಕಲ್ಲು ನಮ್ಮ ಹತ್ತಿರದಿಂದ ದಾಟಿ ಹೋಗಿ ಒಂದು ವಾರವಾಗಿತ್ತು, ಮಂಕಾಗುತ್ತಾ ಇತ್ತು. ಇನ್ನು ಸ್ವಲ್ಪ ತಡವಾಗಿದ್ದರೆ ಆ ಸಲ ಯಾರ ಕಣ್ಣಿಗೂ ಬೀಳದೆ ಹೋಗಿರುತ್ತಿತ್ತು. ಹಗಲೆಲ್ಲ ರೋಗಿಗಳ ಹಲ್ಲು ನೋಡಿದವರು ಇಂಥದ್ದನ್ನು ಹಿಡಿದರಲ್ಲ ಅನ್ನುವುದು ನನಗೆ ಈಗಲೂ ಮೈ ಜುಮ್ಮೆನ್ನಿಸುವ ಸಂಗತಿ.

ಅವತ್ತು ಬೆಳಿಗ್ಗೆಯೇ ಇನ್ನೊಂದು ಗಲಾಟೆ ಆಗಿತ್ತು. ತಿಂಡಿಯ ಹೊತ್ತಿಗೆ ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಉಲ್ಕೆ ಸಿಡಿದು, ಊರಿಡೀ ಕಿಟಕಿ ಗಾಜು ಒಡೆದು, ಸಾವಿರಕ್ಕೂ ಹೆಚ್ಚು ಜನಕ್ಕೆ ಗಾಯ. ಟಿವಿಯಲ್ಲಿ ಅದೇ ಬೆಂಕಿಯ ಗೆರೆಯನ್ನು ತಿರುಗಿಸಿ ಮುರುಗಿಸಿ ತೋರಿಸುತ್ತಿದ್ದರು. ಕಾಗದ ಕೇಳಲು ಬಂದವರೆಲ್ಲ ಮಾವನ ಹತ್ತಿರ ಒಂದೇ ಪ್ರಶ್ನೆ: 'ರಾತ್ರಿ ಬರೋದು ಇದರ ಅಣ್ಣನೋ?' ಮಾವ ಠಸ್ಸೆ ಕೆಳಗಿಟ್ಟು ಒಬ್ಬೊಬ್ಬರಿಗೂ ಬಿಡಿಸಿ ಹೇಳಿದರು. ಬೆಳಗಿನದು ಸೂರ್ಯನ ದಿಕ್ಕಿನಿಂದ ಬಂದದ್ದು, ಆ ಬೆಳಕಿನಲ್ಲಿ ಯಾವ ದೂರದರ್ಶಕಕ್ಕೂ ಕಾಣುವುದಿಲ್ಲ. ರಾತ್ರಿಯದು ಬೇರೆ ದಾರಿಯದು, ವರ್ಷದಿಂದ ಅದರ ಲೆಕ್ಕ ಇಟ್ಟಿದ್ದಾರೆ, ಮುಟ್ಟದೆ ಹೋಗುತ್ತದೆ. 'ಲೆಕ್ಕ ಇಟ್ಟದ್ದಕ್ಕೆ ಹೆದರಬೇಡಿ. ಲೆಕ್ಕಕ್ಕೆ ಸಿಗದೆ ಇದೆಯಲ್ಲ, ಅದನ್ನ ಹುಡುಕಬೇಕು' ಅಂದದ್ದು ನೆನಪಿದೆ.

ಅತ್ತೆಗೆ ಈ ಚರ್ಚೆಯಲ್ಲಿ ಆಸಕ್ತಿ ಇರಲಿಲ್ಲ. ಆಲೆಮನೆಯಿಂದ ಒಂದು ಕೊಡ ಕಬ್ಬಿನ ಹಾಲು ಬಂದಿತ್ತು, ಅದು ಹುಳಿಯಾಗುವುದರೊಳಗೆ ತೊಡೆದೇವು ಮಾಡಬೇಕು. ತೊಡೆದೇವು ನೋಡದವರಿಗೆ ಇದನ್ನು ಹೇಳಲೇಬೇಕು. ಒಲೆಯ ಮೇಲೆ ಮಡಕೆ ಕವುಚಿ ಹಾಕಿ ಕಾಯಿಸುತ್ತಾರೆ. ಅಕ್ಕಿ ಹಿಟ್ಟನ್ನು ಕಬ್ಬಿನ ಹಾಲಿನಲ್ಲಿ ನೀರಾಗಿ ಕಲಸಿ, ಕೋಲಿಗೆ ಸುತ್ತಿದ ಬಟ್ಟೆಯನ್ನು ಅದರಲ್ಲಿ ಅದ್ದಿ, ಮಡಕೆಯ ಬೆನ್ನ ಮೇಲೆ ಒಂದೇ ಸಲಕ್ಕೆ ಎಳೆದುಬಿಡುವುದು. ಎರಡನೇ ಸಲ ಎಳೆದರೆ ಕೆಟ್ಟಿತು. ಕ್ಷಣದಲ್ಲಿ ಅಂಚು ಏಳುತ್ತದೆ, ಬಿಸಿ ಇರುವಾಗಲೇ ಎಬ್ಬಿಸಿ ಮಡಚಬೇಕು, ಆರಿದರೆ ಪುಡಿಪುಡಿ. ಅತ್ತೆಯ ಕೈಯಲ್ಲಿ ಒಂದೂ ಹರಿಯುತ್ತಿರಲಿಲ್ಲ. ಅದಕ್ಕೆ ಹಾಲು, ತುಪ್ಪ. ಆ ರಾತ್ರಿ ಎಷ್ಟು ತಿಂದೆವೋ ಲೆಕ್ಕ ಇಲ್ಲ.

ಎಲ್ಲಿಗೋ ಹೋದೆ. ರಾತ್ರಿಗೆ ಬರೋಣ.

ಪಂಚಮಿಯದೋ ಷಷ್ಠಿಯದೋ ಚಂದ್ರ, ಹನ್ನೊಂದರ ಸುಮಾರಿಗೆ ಗುಡ್ಡದ ಹಿಂದೆ ಇಳಿದ. ಮಾವ ಟಾರ್ಚಿಗೆ ರವಿಕೆ ಕಣದ ಕೆಂಪು ತುಂಡೊಂದನ್ನು ಎರಡು ಮಡಿಕೆ ಮಾಡಿ ಕಟ್ಟಿದ್ದರು. ಕೆಂಪು ಬೆಳಕಾದರೆ ಕತ್ತಲಿಗೆ ಪಳಗಿದ ಕಣ್ಣು ಕೆಡುವುದಿಲ್ಲ. ನಾನು ತಂದ ಪಟ್ಟಿ ನೋಡಿ ಅವರು ಸಂಜೆಯೇ ನಕ್ಷೆ ಬರೆದು, ಹತ್ತು ಹತ್ತು ನಿಮಿಷಕ್ಕೆ ಒಂದೊಂದು ಗುರುತು ಹಾಕಿ ಮುಗಿಸಿದ್ದರು. ತೊಂದರೆ ಇದ್ದದ್ದು ಪಕ್ಕದ ಮನೆಯ ಅಂಗಳದಲ್ಲಿ. ಕೊನೆಯ ಕೊಯ್ಲಿನ ಅಡಿಕೆ, ದೊಡ್ಡ ಬಲ್ಬು ಹಾಕಿಕೊಂಡು ಸುಲಿಯುತ್ತಿದ್ದರು. ಮಾವ ಹೋಗಿ ಕೇಳಿಕೊಂಡರು. 'ದೀಪ ಆರಿಸ್ತ್ಯ ಮಾರಾಯ್ರೇ, ಆದ್ರೆ ನಮಗೂ ತೋರಿಸಬೇಕು' ಅಂದರಂತೆ. ಹೀಗೆ ಹನ್ನೆರಡೂವರೆಗೆ ಮಾವನ ಅಂಗಳದಲ್ಲಿ ಊರಿನ ಅರ್ಧ ಜನ, ಚಾಪೆ, ಕಂಬಳಿ, ಒಂದು ದೊಡ್ಡ ಪಾತ್ರೆ ಕೊತ್ತಂಬರಿ ಕಷಾಯ. ಯಾರು ಯಾರು ಇದ್ದರು ಅನ್ನುವುದು ಈಗ ಮಸುಕು. ಕೆಮ್ಮುತ್ತಾ ಕೂತಿದ್ದ ಅಜ್ಜ ಒಬ್ಬರು ಇದ್ದರು. ನಿದ್ದೆಗಣ್ಣಿನಲ್ಲಿ ಎದ್ದು ಬಂದ ಮಾವನ ಮೊಮ್ಮಗಳು ಇದ್ದಳು, ಇನ್ನೂ ಪ್ರೈಮರಿ ಶಾಲೆಯ ಕೂಸು.

ಕಾಯುವ ಹೊತ್ತಿನಲ್ಲಿ ಮಾವ ಪ್ಯಾರಿಸಿನ ಚಿತ್ರಗಾರನ ಕಥೆ ಹೇಳಿದರು. ಹರ್ಮನ್ ಗೋಲ್ಡ್‌ಶ್ಮಿಟ್. ಕೆಫೆ ಪ್ರೊಕೋಪ್ ಅನ್ನುವ ಕಾಫಿ ಅಂಗಡಿಯ ಮೇಲಿನ ಮನೆ, ಸಣ್ಣ ದೂರದರ್ಶಕ, ಅಷ್ಟರಲ್ಲೇ 1852ರಲ್ಲಿ ಲುಟೇಷಿಯಾ ಅನ್ನುವ ಕ್ಷುದ್ರಗ್ರಹ ಕಂಡ. ಒಟ್ಟು ಹದಿನಾಲ್ಕು ಕಂಡುಹಿಡಿದ. ಆ ಲುಟೇಷಿಯಾದ ಪಕ್ಕವೇ 2010ರಲ್ಲಿ ಯುರೋಪಿನ ರೊಸೆಟ್ಟಾ ನೌಕೆ ಹಾದು ಫೋಟೊ ತೆಗೆಯಿತು. ಕೆಳಗೆ ಕಾಫಿ, ಮೇಲೆ ಕ್ಷುದ್ರಗ್ರಹ ಅಂದಾಗ ಅಡಿಕೆ ಸುಲಿಯುವ ಹೆಂಗಸರು ನಕ್ಕರು, ಕಷಾಯ ಇನ್ನೊಂದು ಸುತ್ತು ಬಂತು.

ನಮ್ಮಲ್ಲಿ ಉತ್ತರೆ ಮಳೆ ಗೊತ್ತಿಲ್ಲದವರಿಲ್ಲ. ಉತ್ತರೆ ನಕ್ಷತ್ರ ಎಲ್ಲಿದೆ ಅಂತ ಅವತ್ತು ಮಾವ ಬೆರಳು ಮಾಡಿ ತೋರಿಸುವವರೆಗೆ ಹೆಚ್ಚಿನವರು ನೋಡಿರಲಿಲ್ಲ. ಸಿಂಹ ರಾಶಿಯ ಬಾಲದ ತುದಿ ಅದು, ಆ ಹೊತ್ತಿಗೆ ನೆತ್ತಿಯ ಹತ್ತಿರ. ಕಲ್ಲು ತೆಂಕಣದಿಂದ ಏರಿ ಅದರ ಪಕ್ಕದಿಂದ ಸಪ್ತರ್ಷಿ ಮಂಡಲದ ಕಡೆ ಹೋಗಬೇಕು. ಒಂದು ಗಂಟೆ ಆಯಿತು, ಏನೂ ಇಲ್ಲ. ಇಬ್ಬನಿ ಬಿದ್ದು ಗಾಜು ಮಬ್ಬಾಯಿತು. ಮಾವ ಪಂಚೆಯ ಚುಂಗಿನಿಂದ ಮೆತ್ತಗೆ ಒತ್ತಿ ತೆಗೆದು, ಅಂಗೈ ಅಡ್ಡ ಹಿಡಿದು ಬಿಸಿ ಮಾಡಿದರು. ಮತ್ತೆ ಚಾಪೆಯ ಮೇಲೆ ಅಂಗಾತ ಮಲಗಿದರು. ಸ್ವಲ್ಪ ಹೊತ್ತಿಗೆ ಅವರ ಉಸಿರಾಟ ಬದಲಾಯಿತು. ಪಕ್ಕದಲ್ಲಿದ್ದ ನನಗೆ ಕೇಳಿಸಿತು. ಏನೂ ಮಾತಾಡದೆ ದುರ್ಬೀನು ನನಗೆ ಕೊಟ್ಟರು.

ಎರಡು ಸಣ್ಣ ನಕ್ಷತ್ರಗಳ ನಡುವೆ ಮೂರನೆಯದು. ಮೊದಲಿಗೆ ಸುಮ್ಮನೆ ನಿಂತ ಹಾಗೆ. ನೋಡುತ್ತಾ ಇದ್ದರೆ ಒಂದರಿಂದ ದೂರ ಸರಿದಿದೆ, ಇನ್ನೊಂದಕ್ಕೆ ಹತ್ತಿರ ಬಂದಿದೆ. ಉಪಗ್ರಹದ ಓಟ ಅಲ್ಲ ಅದು. ಚಂದ್ರನಷ್ಟು ಅಗಲ ದಾಟಲು ಅರ್ಧ ನಿಮಿಷದ ಮೇಲೆ ಬೇಕು, ದುರ್ಬೀನಿನ ಈ ಅಂಚಿನಿಂದ ಆ ಅಂಚಿಗೆ ಏಳೆಂಟು ನಿಮಿಷ. ಎರಡು ಅಡಿಕೆ ಮರ ಒಂದರ ಮೇಲೊಂದು ನಿಲ್ಲಿಸಿದಷ್ಟು ಉದ್ದದ ಕಲ್ಲು, ಬಣ್ಣ ಇಲ್ಲ, ಬಾಲ ಇಲ್ಲ, ಸದ್ದಿಲ್ಲ. ಒಬ್ಬೊಬ್ಬರಾಗಿ ನೋಡಿದರು. ಕೆಲವರಿಗೆ ಕಾಣಲಿಲ್ಲ, ಅವರಿಗೆ ಮಾವ ಮತ್ತೆ ಮತ್ತೆ ದಾರಿ ಹೇಳಿದರು. ಮೊಮ್ಮಗಳು ನೋಡಿ, 'ಅಜ್ಜಾ, ಇದು ಎಲ್ಲಿಗೆ ಹೋಗ್ತು?' ಅಂದಳು. ಸೂರ್ಯನನ್ನೇ ಸುತ್ತುತ್ತದೆ, ಆದರೆ ಇವತ್ತು ಭೂಮಿ ಎಳೆದದ್ದರಿಂದ ಅದರ ದಾರಿ ಬದಲಾಗುತ್ತದೆ ಅಂದರು ಮಾವ. ಹಾಗೆಯೇ ಆಯಿತು. 368 ದಿನಕ್ಕೆ ಒಂದು ಸುತ್ತು ಹಾಕುತ್ತಿದ್ದದ್ದು ಈಗ 317 ದಿನಕ್ಕೇ ಹಾಕುತ್ತದೆ.

ಆ ಕೂಸು ಈಗ ಕಾಲೇಜು ಓದುತ್ತಿದ್ದಾಳೆ. ಗೆಳತಿಯರ ಜೊತೆ ಸೇರಿ ಕ್ಷುದ್ರಗ್ರಹ ಹುಡುಕುವ ಅಭಿಯಾನಕ್ಕೆ ಹೆಸರು ಕೊಟ್ಟಿದ್ದಾಳೆ. ಹವಾಯಿಯ ಹಾಲೆಯಾಕಲಾ ಬೆಟ್ಟದ ಪ್ಯಾನ್‌-ಸ್ಟಾರ್ಸ್ ದೂರದರ್ಶಕ ತೆಗೆದ ಚಿತ್ರಗಳು ಇವರ ಲ್ಯಾಪ್‌ಟಾಪಿಗೆ ಬರುತ್ತವೆ. ಆಕಾಶದ ಒಂದೇ ತುಂಡು, ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ತೆಗೆದ ನಾಲ್ಕು ಚಿತ್ರ. ಬೇಗ ಬೇಗ ಒಂದರ ಹಿಂದೆ ಒಂದು ಹಾಯಿಸಿದರೆ ನಕ್ಷತ್ರಗಳು ನಿಂತಲ್ಲೇ ಇರುತ್ತವೆ, ಒಂದು ಚುಕ್ಕಿ ಮಾತ್ರ ನಡೆಯುತ್ತದೆ. ಅದರ ಜಾಗ ಅಳೆದು ಬರೆದು ಕಳಿಸಿದರೆ, ಅಮೆರಿಕದ ಕೇಂಬ್ರಿಜ್‌ನಲ್ಲಿರುವ ಮೈನರ್ ಪ್ಲಾನೆಟ್ ಸೆಂಟರ್‌ನಲ್ಲಿ ಹಳೆಯ ದಾಖಲೆಗಳ ಜೊತೆ ತಾಳೆ ನೋಡುತ್ತಾರೆ. ಹೊಸದೇ ಆದರೂ ಮತ್ತೆ ಮತ್ತೆ ಕಾಣಬೇಕು, ಪಥ ಖಚಿತವಾಗಬೇಕು. ಸಂಖ್ಯೆ ಸಿಗಲು ವರ್ಷಗಳೇ ಬೇಕು.

ಮಾವನಿಗೆ ಲ್ಯಾಪ್‌ಟಾಪ್ ಒಗ್ಗುವುದಿಲ್ಲ. ಚಿತ್ರಗಳನ್ನು ಪ್ರಿಂಟ್ ಹಾಕಿಸಿ ಟಪಾಲಿನಲ್ಲಿ ಕಳಿಸು ಅಂದರು, ಅವಳು ಕಳಿಸಿದಳು. ಜಗುಲಿಯ ಆ ಹಳೆಯ ಮೇಜಿನ ಮೇಲೆ ನಾಲ್ಕನ್ನೂ ಹರಡಿ, ಭೂತಗನ್ನಡಿ ಹಿಡಿದು, ಮೂರರಲ್ಲಿ ಚುಕ್ಕಿಗೆ ಪೆನ್ಸಿಲಿನಿಂದ ಸುತ್ತು ಹಾಕಿದ್ದಾರೆ. ನಾಲ್ಕನೆಯದರಲ್ಲಿ ಯಾಕೆ ಕಾಣಲಿಲ್ಲ ಅಂತ ಕೇಳಿ ಇನ್‌ಲ್ಯಾಂಡ್ ಲೆಟರ್ ಬರೆದರು. ಅವಳೂ ಕಾಗದದಲ್ಲೇ ಉತ್ತರ ಕೊಟ್ಟಿದ್ದಾಳೆ: 'ಅಲ್ಲಿ ಒಂದು ನಕ್ಷತ್ರ ಇದ್ದು ಅಜ್ಜಾ, ಚುಕ್ಕಿ ಅದರ ಬೆಳಕಲ್ಲಿ ಸೇರಿಹೋಯ್ದು. ಮುಂದಿನ ಸೆಟ್ ಬಂದ ಕೂಡಲೇ ಕಳಿಸ್ತಿ.'