ಪಾರುಪತ್ಯಗಾರನಿಗೊಂದು ವಿಳಾಸ

ನಮ್ಮ ಊರು ಹನುಮನಹಳ್ಳಿ. ಈ ಹೆಸರಿನ ಊರುಗಳು ಕನ್ನಡನಾಡಿನಲ್ಲಿ ಒಂದೆರಡಲ್ಲವಾದುದರಿಂದ, ಗಂಗಾವತಿ ಸೀಮೆಯದು, ಆನೆಗೊಂದಿಯ ಬಳಿಯದು, ಅಂಜನಾದ್ರಿಯ ಆಸುಪಾಸಿನಲ್ಲಿ ತುಂಗಭದ್ರೆಯ ಎಡದಂಡೆಯ ಕಡೆಗಿರುವುದು ಎಂದು ಬಿಡಿಸಿ ಹೇಳದಿದ್ದರೆ ನಮಗೆ ಬರೆದ ಕಾಗದವು ನಮ್ಮ ಕೈಸೇರುವ ಭರವಸೆಯಿಲ್ಲ. ವಿಳಾಸದ ಈ ತಾಪತ್ರಯವು ಅಂಚೆಯವರಿಗೆ ಮಾತ್ರ ಸಂಬಂಧಿಸಿದುದೆಂದು ನಾವು ಬಹುಕಾಲ ಭಾವಿಸಿದ್ದೆವು. ಈಚೆಗೆ ನಮ್ಮ ಮನೆಯೊಳಗೇ, ದಪ್ಪನೆಯ ಪುಸ್ತಕದಷ್ಟು ಗಾತ್ರದ ಒಂದು ಪೆಟ್ಟಿಗೆಯಲ್ಲಿ ವಾಸಿಸುವ, ಕಣ್ಣಿಗೆ ಕಾಣಿಸದ ಒಬ್ಬ ಪಾರುಪತ್ಯಗಾರನಿಗೆ ಪ್ರತ್ಯೇಕವಾದ ವಿಳಾಸವನ್ನು ಕೊಡಿಸಬೇಕಾಗಿ ಬಂದಿತು. ಗೃಹಸ್ಥರಾದ ವಾಚಕರಿಗೆ ಈ ಸಂಗತಿಯಿಂದ ಏನಾದರೂ ಉಪಯೋಗವಾದೀತೆಂದು ಬರೆಯುತ್ತಿದ್ದೇವೆ.

ನಮ್ಮ ಅವ್ವನಿಗೆ ಈಗ ೮೧ ವರ್ಷ. ಎರಡು ವರ್ಷಗಳ ಹಿಂದಿನ ಮಳೆಗಾಲದಲ್ಲಿ ಒಂದು ರಾತ್ರಿ, ಯಾರನ್ನೂ ಎಬ್ಬಿಸಬಾರದೆಂಬ ಸಂಕೋಚದಿಂದ ತಾನೇ ಎದ್ದು ಕತ್ತಲೆಯಲ್ಲಿ ಪಡಸಾಲೆಯನ್ನು ದಾಟುವಾಗ, ಹೊಸ್ತಿಲನ್ನು ಎಡವಿ ಬಿದ್ದು ತೊಡೆಯ ಎಲುಬು ಮುರಿಯಿತು. ಶಸ್ತ್ರಚಿಕಿತ್ಸೆಯಾಯಿತು, ಈಗ ಕೋಲು ಹಿಡಿದು ನಡೆಯುತ್ತಾಳೆ. ಅಂದಿನಿಂದ, ಅವಳು ಮಂಚದಿಂದ ಕಾಲು ಕೆಳಗಿಟ್ಟೊಡನೆ ಪಡಸಾಲೆಯ ದೀಪವು ತಾನಾಗಿ ಹೊತ್ತಿಕೊಳ್ಳುವಂತೆ ಏರ್ಪಾಡು ಮಾಡಬೇಕೆಂಬ ಚಿಂತೆ ನಮಗೆ ಹಿಡಿಯಿತು. ಅಂಗಡಿಯಿಂದ ಮೊದಲು ತಂದ ದೀಪಗಳ ರೀತಿ ವಿಚಿತ್ರವಾಗಿತ್ತು. ಮಂಚದ ಬಳಿಯ ಸುದ್ದಿಯು ಇಂಟರ್ನೆಟ್ಟಿನ ಮೂಲಕ ಎಲ್ಲಿಯದೋ ದೂರದ ಯಂತ್ರಕ್ಕೆ ಹೋಗಿ, ಅಲ್ಲಿಂದ ಅಪ್ಪಣೆಯಾಗಿ, ಹತ್ತು ಮಾರು ದೂರದಲ್ಲಿದ್ದ ದೀಪವು ಹೊತ್ತಬೇಕು! ಗಾಳಿಮಳೆಗೆ ಇಂಟರ್ನೆಟ್ ನಿಂತಿತೋ, ದೀಪವೂ ಕುರುಡು. ಅವ್ವನು ಬೀಳುವ ಭಯ ಹೆಚ್ಚಾಗಿರುವುದು ಅಂಥ ರಾತ್ರಿಗಳಲ್ಲಿಯೇ ಅಲ್ಲವೆ?

ನಮ್ಮ ಅಣ್ಣನ ಮಗನು ಗಣಕಯಂತ್ರದ ವಿದ್ಯೆಯನ್ನು ಓದುತ್ತಿರುವ ಹುಡುಗ. ರಜೆಗೆ ಬಂದಾಗ ಆ ದೀಪಗಳನ್ನು ತೆಗೆದುಹಾಕಿ, ಮನೆಯೊಳಗಿನ ಮಾತನ್ನೇ ಕೇಳುವಂಥವನ್ನು ಕೂಡಿಸಿದನು. ಅವುಗಳನ್ನು ಆಳುವುದಕ್ಕೆ ಹೋಮ್ ಅಸಿಸ್ಟೆಂಟ್ ಎಂಬ ತಂತ್ರಾಂಶವನ್ನು ತಂದನು. ಪೌಲಸ್ ಸ್ಕೌಟ್ಸನ್ ಎಂಬವರು ೨೦೧೩ರಲ್ಲಿ ಆರಂಭಿಸಿದ ಇದು, ಯಾರು ಬೇಕಾದರೂ ಹಣ ಕೊಡದೆ ಬಳಸಬಹುದಾದದ್ದು. ಮನೆಯ ಕೆಲಸಕ್ಕೆ ಹೊರಗಿನ ಅಪ್ಪಣೆಯನ್ನು ಕಾಯುವುದಿಲ್ಲ. ನಾವು ಪಾರುಪತ್ಯಗಾರನೆಂದದ್ದು ಇದನ್ನೇ.

ಪೆಟ್ಟಿಗೆಯೊಳಗೆ ಇವನೊಬ್ಬನೇ ಇಲ್ಲ. ಮನೆಯವರ ಛಾಯಾಚಿತ್ರಗಳ ಭಂಡಾರವೂ, ಪ್ರವಾಸಿಗಳಿಗೆ ಕೊಡುವ ನಮ್ಮ ಎರಡು ಕೋಣೆಗಳ ಲೆಕ್ಕವೂ ಅಲ್ಲಿಯೇ ಇವೆ. ಒಬ್ಬರ ಗೊಡವೆ ಇನ್ನೊಬ್ಬರಿಗೆ ತಟ್ಟದಂತೆ ಡಾಕರ್ ಎಂಬ ವ್ಯವಸ್ಥೆಯು ಅವರವರನ್ನು ಅವರವರ ಕಂಟೇನರಿನಲ್ಲಿ ಇಟ್ಟಿರುತ್ತದೆ. ಹಡಗಿನಲ್ಲಿ ಸರಕು ತುಂಬುವ ಪೆಟ್ಟಿಗೆಗೆ ಇರುವ ಹೆಸರೇ ಇದಕ್ಕೂ ಬಂದಿದೆ. ನಾವು ಇದನ್ನು ದೊಡ್ಡ ಮನೆಯ ಒಳಕೋಣೆಯೆಂದು ತಿಳಿದೆವು. ಒಳಕೋಣೆಯವನಿಗೆ ಬೀದಿಗೆ ಸ್ವಂತ ಬಾಗಿಲಿಲ್ಲ. ಹೊರಗಿನವರ ಪಾಲಿಗೆ ಇರುವುದು ಪೆಟ್ಟಿಗೆಯ ಒಂದೇ ವಿಳಾಸ. ೮೧೨೩ನೆಯ ಕಿಂಡಿಯಲ್ಲಿ ಕರೆದರೆ ಪಾರುಪತ್ಯಗಾರನು ಓಗೊಡುವನು, ಅಷ್ಟೆ.

ತೊಡಕು ಬಂದದ್ದು ಇಲ್ಲಿ. ಇಂದಿನ ಉಪಕರಣಗಳಲ್ಲಿ ಅನೇಕವು ಒಬ್ಬೊಬ್ಬರ ಮನೆಗೆ ಹೋಗಿ ಪರಿಚಯ ಹೇಳಿಕೊಳ್ಳುವುದಿಲ್ಲ. ಓಣಿಯಲ್ಲಿ ನಿಂತು, “ನಾನು ಪಡಸಾಲೆಯ ದೀಪ, ಇಂಥ ವಿಳಾಸದಲ್ಲಿದ್ದೇನೆ” ಎಂದು ಎಲ್ಲರಿಗೂ ಕೇಳುವಂತೆ ಕೂಗುತ್ತವೆ. ಈ ಕೂಗಿಗೆಂದೇ ೨೨೪.೦.೦.೨೫೧ ಎಂಬ ಸಂಖ್ಯೆಯು ಮೀಸಲಾಗಿದೆ. ಆ ಕೂಗು ಹೊರಬಾಗಿಲಿನಲ್ಲಿಯೇ ನಿಲ್ಲುವುದರಿಂದ ಒಳಕೋಣೆಗೆ ಮುಟ್ಟದು. ಸಾಧಾರಣ ದಿನಗಳಲ್ಲಿ, ಹಳೆಯ ವಿಳಾಸವನ್ನು ಬರೆದಿಟ್ಟುಕೊಂಡು ಪಾರುಪತ್ಯಗಾರನು ಕೆಲಸ ಸಾಗಿಸುತ್ತಿದ್ದನು. ಆದರೆ ಕರೆಂಟು ಬಹುಹೊತ್ತು ಹೋಗಿ, ಇನ್ವರ್ಟರಿನ ಬ್ಯಾಟರಿಯೂ ಬರಿದಾಗಿ, ಮತ್ತೆ ಬಂದಾಗ ನಮ್ಮ ರೌಟರು ವಿಳಾಸಗಳನ್ನು ಹೊಸದಾಗಿ ಹಂಚುತ್ತಿತ್ತು. ದೀಪವು ಹೊಸ ವಿಳಾಸವನ್ನು ಕೂಗುತ್ತಿತ್ತು. ಇವನು ಹಳೆಯದರ ಬಾಗಿಲನ್ನು ತಟ್ಟುತ್ತ ಕುಳಿತಿರುತ್ತಿದ್ದನು. ಅವ್ವನು ಎದ್ದರೆ ಪಡಸಾಲೆಯಲ್ಲಿ ಮತ್ತೆ ಕತ್ತಲೆ.

ಇದಕ್ಕೆ ಸುಲಭವಾದ ದಾರಿಯೊಂದುಂಟು. ಒಳಕೋಣೆಯ ಗೋಡೆಯನ್ನು ತೆಗೆದು, ಪೆಟ್ಟಿಗೆಯ ವಿಳಾಸವನ್ನೇ ಅವನೂ ಹಂಚಿಕೊಳ್ಳುವಂತೆ ಮಾಡಿದರೆ ಕೂಗು ಕೇಳಿಸುತ್ತದೆ. ಬೇರೆ ಯಾರೂ ಇಲ್ಲದ ಪೆಟ್ಟಿಗೆಯಾದರೆ ಅದೇ ಸಾಕು, ಮುಂದಿನ ಪ್ರಯಾಸವೇ ಬೇಡ. ನಮ್ಮಲ್ಲಿ ಹಾಗಾಗಲಿಲ್ಲ. ಒಂದೇ ಕಿಂಡಿಯ ಮೇಲೆ ಇಬ್ಬರು ಹಕ್ಕು ಹೇಳುವ ಸಂದರ್ಭ ಬಂದಿತು; ಅದಕ್ಕಿಂತ ಮುಖ್ಯವಾಗಿ, ಪಾರುಪತ್ಯಗಾರನೊಬ್ಬನು ಮಾತ್ರ ಇಂಟರ್ನೆಟ್ಟಿಗೆ ಕಾಲಿಡಬಾರದೆಂದು ರೌಟರಿಗೆ ಕಟ್ಟುನಿಟ್ಟು ಮಾಡುವ ಇಚ್ಛೆ ನಮಗಿತ್ತು. ಮನೆಯವರು ಎಷ್ಟು ಹೊತ್ತಿಗೆ ಏಳುತ್ತಾರೆ, ಎಷ್ಟು ಹೊತ್ತಿಗೆ ಮಲಗುತ್ತಾರೆ ಎಂಬುದನ್ನೆಲ್ಲ ಬಲ್ಲವನು ಊರು ತಿರುಗಬಾರದಷ್ಟೆ! ವಿಳಾಸವೇ ಒಂದಾದರೆ, ಇವನನ್ನು ತಡೆಯಹೋಗಿ ಎಲ್ಲರನ್ನೂ ತಡೆದಂತಾಗುವುದು.

“ಕಾಕಾ, ಇದಕ್ಕ ಬ್ಯಾರೇ ವಿಳಾಸನ ಕೊಡೂಣು” ಎಂದನು ಹುಡುಗ.

ಅವ್ವನು ಮಂಚದ ಮೇಲಿನಿಂದಲೇ, “ಅಲ್ಲೋ ತಮ್ಮಾ, ಬಾಡಿಗಿ ಕೊಡದವಗ ಮನಿ ನಂಬರ ಯಾಕ?” ಎಂದಳು.

“ಆಯಿ, ನೀ ಎದ್ದದ್ದು ಅವಗ ತಿಳೀಬೇಕಲ್ಲ, ಅದಕ್ಕ.”

ಅವ್ವನು ಮತ್ತೆ ಮಾತಾಡಲಿಲ್ಲ.

ಬೇರೆ ವಿಳಾಸವನ್ನು ಕೊಡುವ ಉಪಾಯಕ್ಕೆ ಮ್ಯಾಕ್‌ವಿಲ್ಯಾನ್ ಎಂದು ಹೆಸರು. ಜಾಲಕ್ಕೆ ಸೇರುವ ಪ್ರತಿಯೊಂದು ಯಂತ್ರಕ್ಕೂ ೪೮ ಬಿಟ್ಟುಗಳ ಒಂದು ಗುರುತುಸಂಖ್ಯೆ ಇರುತ್ತದೆ. ಪೆಟ್ಟಿಗೆಯ ತಂತಿ ಸೇರುವ ಜಾಗದಲ್ಲಿಯೇ ಮತ್ತೊಂದು ಗುರುತುಸಂಖ್ಯೆಯನ್ನು ಸೃಷ್ಟಿಸಿ ಕಂಟೇನರಿಗೆ ಕೊಟ್ಟರೆ, ರೌಟರು ಅದನ್ನು ಬೇರೆಯೇ ಯಂತ್ರವೆಂದು ನಂಬುತ್ತದೆ. ಓಣಿಯ ಕೂಗುಗಳೆಲ್ಲ ಅವನಿಗೂ ನೇರವಾಗಿ ಮುಟ್ಟುತ್ತವೆ. ಅವನಿಗೆ ೧೯೨.೧೬೮.೧.೨೦೦ ಎಂಬ ವಿಳಾಸವನ್ನು ಗೊತ್ತುಮಾಡಿದೆವು. ಇಂಥ ವಿಳಾಸಗಳು ಮನೆಯೊಳಗಿನ ಬಳಕೆಗೆಂದು ೧೯೯೪ರಲ್ಲಿ ಮೀಸಲಾದವು. ಲೋಕದ ಎಷ್ಟೋ ಮನೆಗಳಲ್ಲಿ ಇದೇ ಸಂಖ್ಯೆ ಇದ್ದರೂ ಬಾಧಕವಿಲ್ಲ. ಆಯಾ ಮನೆಯೊಳಗೆ ಒಂದೇ ಇದ್ದರೆ ಸಾಕು. ಆದರೆ ಡಾಕರು ರೌಟರನ್ನು ಕೇಳಿ ವಿಳಾಸ ಕೊಡುವುದಿಲ್ಲವಾದ್ದರಿಂದ, ರೌಟರು ತಾನಾಗಿ ಹಂಚುವ ಸಂಖ್ಯೆಗಳನ್ನು ೧೦೦ರಿಂದ ೧೯೯ರವರೆಗೆ ಮಾತ್ರವೆಂದು ಮೊದಲೇ ಕಟ್ಟಿಹಾಕಬೇಕಾಯಿತು. ಇಲ್ಲವಾದರೆ ಅತಿಥಿಗಳ ಮೊಬೈಲೊಂದಕ್ಕೆ ೨೦೦ ದೊರೆತು, ಒಂದೇ ಮನೆಸಂಖ್ಯೆಗೆ ಇಬ್ಬರು ಯಜಮಾನರಾಗುವ ಸಂಭವವಿತ್ತು.

ತಂತಿಯ ವಿಷಯವನ್ನೂ ಹೇಳಬೇಕು. ವೈಫೈಯಲ್ಲಿ ಈ ಉಪಾಯವು ಸಾಮಾನ್ಯವಾಗಿ ನಡೆಯದು. ಒಬ್ಬನು ಎರಡು ಗುರುತುಸಂಖ್ಯೆಗಳನ್ನು ಹೇಳಿದರೆ ವೈಫೈಯು ಎರಡನೆಯದನ್ನು ಒಪ್ಪುವುದಿಲ್ಲ. ನಮ್ಮ ಗೋಡೆಗಳು ಈ ಸೀಮೆಯ ಕಲ್ಲಿನವು, ಒಂದೊಂದೂ ಒಂದು ಮೊಳ ದಪ್ಪ. ಅದರಲ್ಲಿ ತೂತು ಕೊರೆದು ತಂತಿ ಎಳೆಯುವುದಕ್ಕೆ ಹಿಡಿದ ಹೊತ್ತು ಮಿಕ್ಕೆಲ್ಲ ಕೆಲಸಕ್ಕೂ ಹಿಡಿಯಲಿಲ್ಲ.

ಎಲ್ಲವೂ ಆದಮೇಲೆ ಒಂದು ವಿನೋದವು ಕಾಣಿಸಿತು. ಮೊಬೈಲಿನಿಂದ ಕರೆದರೆ ಪಾರುಪತ್ಯಗಾರನು ಓಗೊಡುತ್ತಾನೆ. ಅವನಿಗೆ ಆಶ್ರಯ ಕೊಟ್ಟ ಪೆಟ್ಟಿಗೆಯೇ ಕರೆದರೆ ಮೌನ! ಪಾಲು ಹಂಚಿಕೊಂಡು ಮಾತುಬಿಟ್ಟ ಅಣ್ಣತಮ್ಮಂದಿರ ಹಾಗೆ, ಒಂದೇ ಸೂರಿನಡಿಯಲ್ಲಿದ್ದೂ ಇವರಿಬ್ಬರಿಗೆ ಮಾತಿಲ್ಲ. ಇದು ಕೆಟ್ಟುದರ ಲಕ್ಷಣವಲ್ಲ, ಮ್ಯಾಕ್‌ವಿಲ್ಯಾನಿನ ಸ್ವಭಾವವೇ ಹಾಗೆ. ಆದರೆ ಪಾರುಪತ್ಯಗಾರನು ಎಚ್ಚರದಿಂದಿದ್ದಾನೆಯೇ ಎಂದು ಆಗಾಗ ವಿಚಾರಿಸುವ ಕೆಲಸವನ್ನು ಪೆಟ್ಟಿಗೆಗೇ ವಹಿಸಬೇಕಾಗಿತ್ತು. ಆದಕಾರಣ ಪೆಟ್ಟಿಗೆಗೂ ಅದೇ ಬಗೆಯ ಎರಡನೆಯ ಬಾಗಿಲೊಂದನ್ನು ತೆರೆದು, ೨೦೧ ಎಂಬ ಸಂಖ್ಯೆಯನ್ನು ಕೊಟ್ಟು, ೨೦೦ಕ್ಕೆ ಹೋಗುವ ಮಾತೆಲ್ಲ ಈ ಬಾಗಿಲಿನಿಂದಲೇ ಹೋಗತಕ್ಕದ್ದೆಂದು ಹುಡುಗನು ಗೊತ್ತುಮಾಡಿದನು. ಪೆಟ್ಟಿಗೆಯನ್ನು ಆರಿಸಿ ಹೊತ್ತಿಸಿದರೆ ಆ ಬಾಗಿಲು ಮಾಯವಾಗುತ್ತದೆ. ಆದ್ದರಿಂದ ಪ್ರತಿಸಲ ಎಚ್ಚರವಾದೊಡನೆ ಅದನ್ನು ಮರಳಿ ತೆರೆಯುವ ಆಜ್ಞೆಯನ್ನೂ ಬರೆದಿಟ್ಟನು.

ಇಂಟರ್ನೆಟ್ಟಿಗೆ ಹೋಗದವನಿಗೆ ಕಾಲಕಾಲಕ್ಕೆ ಬರುವ ಹೊಸ ಆವೃತ್ತಿಯು ಹೇಗೆ ದೊರೆತೀತೆಂದು ಕೇಳಿದೆವು. ಅದನ್ನು ತರುವುದು ಪೆಟ್ಟಿಗೆಯ ಕೆಲಸವಂತೆ. ಇವನು ಮನೆಬಿಟ್ಟು ಹೊರಡಬೇಕಾದ್ದಿಲ್ಲ.

ಹೊರಡುವ ಮುನ್ನ ಹುಡುಗನು ರೌಟರು, ಪೆಟ್ಟಿಗೆ, ದೀಪ ಎಲ್ಲವನ್ನೂ ಆರಿಸಿ, ಇಂಟರ್ನೆಟ್ಟಿನ ತಂತಿಯನ್ನು ಕಿತ್ತಿಟ್ಟು, ಮತ್ತೆ ಕರೆಂಟು ಕೊಟ್ಟನು. ನಾಲ್ಕು ನಿಮಿಷ ಕಾದೆವು. ಅವ್ವನು ಕೋಲನ್ನು ಊರಿ ಕಾಲು ಕೆಳಗಿಟ್ಟಳು, ದೀಪ ಹೊತ್ತಿತು. “ಇನ್ನೊಮ್ಮೆ” ಎಂದು ಹೇಳಿ, ಮರಳಿ ಮಲಗಿ ದೀಪ ಆರುವವರೆಗೆ ಕಾದು, ತಾನೇ ಪರೀಕ್ಷಿಸಿ ನೋಡಿದಳು. ಆಮೇಲೆ ಎರಡು ಸಲ ರಾತ್ರಿಯೆಲ್ಲ ಕರೆಂಟು ಹೋಗಿ ಬಂದಿದೆ, ದೀಪವು ತಪ್ಪಿಲ್ಲ.

ವಿಳಾಸಗಳ ಪಟ್ಟಿಯನ್ನು ಅಡಿಗೆಮನೆಯ ಕ್ಯಾಲೆಂಡರಿನ ಪಕ್ಕದಲ್ಲಿ ಅಂಟಿಸಿದ್ದೇವೆ. ಮೇಲಿನ ನೀರಿನ ತೊಟ್ಟಿಯ ಮೋಟಾರನ್ನೂ ಪಾರುಪತ್ಯಗಾರನ ವಶಕ್ಕೆ ಒಪ್ಪಿಸುವ ಆಲೋಚನೆ ನಡೆದಿದೆ. ಅದಕ್ಕೆ ಅವ್ವನ ಒಪ್ಪಿಗೆ ಇನ್ನೂ ದೊರೆತಿಲ್ಲ.