ಇಳಿಜಾರಿನ ಗೇರು ನೆತ್ತಿಯಲ್ಲೇ

ಟಿಲ್ಲರಿನ ವಿಷಯ ಹೆಂಗಸರ ಪತ್ರಿಕೆಗೆ ಎಂತಕ್ಕೆ, ಅದು ಗಂಡಸರ ಕೆಲಸವಲ್ಲವಾ ಅಂತ ನಮ್ಮ ಓರಗಿತ್ತಿ ಕೇಳಿದಳು. ಓಡಿಸುವವರು ಗಂಡಸರು, ನಿಜ. ಆದರೆ ಹಿಂದಿನ ಟ್ರೇಲರಿನಲ್ಲಿ ಕಾಫಿ ಮೂಟೆಯ ಮೇಲೆ ಕೂತು ಬರುವವರು ಯಾರು? ಕೊಯ್ಲಿನ ಹೆಂಗಸರು. ಸಂಜೆ ಟಿಲ್ಲರಿನ ಸದ್ದಿಗೆ ಕಿವಿಗೊಟ್ಟು ಅಡುಗೆಮನೆಯಲ್ಲಿ ನಿಲ್ಲುವವರು ಯಾರು? ನಾವೇ ತಾನೆ.

ನಮ್ಮ ತೋಟ ಮೂಡಿಗೆರೆಯಿಂದ ಕಳಸದ ಕಡೆ ಹೋಗುವ ದಾರಿಯಲ್ಲಿ. ದೊಡ್ಡದೇನಲ್ಲ, ಆರು ಎಕರೆ. ತೋಟ ಗುಡ್ಡದ ಮೇಲೆ, ಮನೆ ಮತ್ತು ಕಣ ಕೆಳಗೆ. ನಡುವೆ ಮುಕ್ಕಾಲು ಕಿಲೋಮೀಟರ್ ಮಣ್ಣು ದಾರಿ, ಎರಡು ತಿರುವು. ಒಂದು ಕಡೆ ದರೆ, ಇನ್ನೊಂದು ಕಡೆ ಸಿಲ್ವರ್ ಮರಗಳ ಸಾಲು, ಅದರಾಚೆ ಹಳ್ಳ. ಬಯಲುಸೀಮೆಯ ಸೋದರಿಯರಿಗೆ ಇದು ಚಂದದ ದಾರಿ ಅನ್ನಿಸಬಹುದು. ಭಾರ ಹೊತ್ತು ಇಳಿಯುವವರಿಗೆ ಮಾತ್ರ ಹಾಗಲ್ಲ.

ಮೂರು ವರ್ಷದ ಹಿಂದೆ ಕೊಯ್ಲಿನ ಸಮಯದಲ್ಲಿ ಪಕ್ಕದ ತೋಟದ ಟಿಲ್ಲರ್ ಇಂಥದೇ ಇಳಿಜಾರಿನಲ್ಲಿ ಹತೋಟಿ ತಪ್ಪಿ ದರೆಗೆ ಬಡಿಯಿತು. ಓಡಿಸುತ್ತಿದ್ದ ಹುಡುಗ ಹಾರಿಕೊಂಡ. ಮೂಟೆಯ ಮೇಲಿದ್ದ ನಾಲ್ವರು ಹೆಂಗಸರಲ್ಲಿ ಒಬ್ಬಳ ಕಾಲು ಮುರಿಯಿತು. ನಮ್ಮಲ್ಲಿಗೂ ಕೆಲಸಕ್ಕೆ ಬರುತ್ತಿದ್ದವಳು ಆಕೆ, ಎಷ್ಟು ಚುರುಕಿನ ಕೈ ಅಂತೀರಿ! ಈಗ ನೆಲಕ್ಕೆ ಬಿದ್ದ ಕಾಫಿ ಹೆಕ್ಕಲು ಕುಕ್ಕರುಗಾಲಲ್ಲಿ ಕೂರಲಾಗುವುದಿಲ್ಲ. ಆವತ್ತು ರಾತ್ರಿ ನಾನು ನಮ್ಮವರನ್ನು ಕೂರಿಸಿಕೊಂಡು, ಇಳಿಜಾರಿನಲ್ಲಿ ಆಗುವುದಾದರೂ ಏನು, ನನಗೆ ಅರ್ಥವಾಗುವ ಹಾಗೆ ಹೇಳಿ ಅಂದೆ.

ಅವರು ಹೇಳಿದ್ದು ಇಷ್ಟು. ಟಿಲ್ಲರಿನ ತೂಕ ನಾಲ್ಕೈದು ನೂರು ಕೆ.ಜಿ. ಐವತ್ತು ಕೆ.ಜಿ.ಯ ಇಪ್ಪತ್ತು ಮೂಟೆ ಹೇರಿದರೆ ಹಿಂದೆ ಒಂದು ಟನ್ ಆಯಿತು, ಟ್ರೇಲರಿನ ತೂಕ ಬೇರೆ. ಸಮದಾರಿಯಲ್ಲಿ ಟಿಲ್ಲರ್ ಟ್ರೇಲರನ್ನು ಎಳೆಯುತ್ತದೆ. ಇಳಿಜಾರಿನಲ್ಲಿ ಟ್ರೇಲರೇ ಟಿಲ್ಲರನ್ನು ದೂಡುತ್ತದೆ. ಚಿಕ್ಕ ಮಗುವಿನ ಬೆನ್ನ ಹಿಂದೆ ದೊಡ್ಡ ಆಳು ನಿಂತು ನೂಕಿದ ಹಾಗೆ. ಆ ನೂಕನ್ನು ತಡೆಯುವುದು ಎರಡೇ, ಒಂದು ಇಂಜಿನ್, ಇನ್ನೊಂದು ಬ್ರೇಕು. ಸಣ್ಣ ಗೇರಿನಲ್ಲಿದ್ದರೆ ಇಂಜಿನ್ ತಾನೇ ಚಕ್ರಗಳನ್ನು ಹಿಡಿದಿಡುತ್ತದೆ. ಗೇರು ನ್ಯೂಟ್ರಲ್ ಮಾಡಿದರೆ ಇಂಜಿನ್ನಿಗೂ ಚಕ್ರಕ್ಕೂ ಸಂಬಂಧವೇ ಇರುವುದಿಲ್ಲ. ಕ್ಲಚ್ಚು ಹಿಡಿದುಕೊಂಡು ಇಳಿದರೂ ಅದೇ ಕಥೆ. ಆಮೇಲೆ ಉಳಿಯುವುದು ಬ್ರೇಕು ಒಂದೇ.

ಬ್ರೇಕು ಇದೆಯಲ್ಲ ಅನ್ನಬೇಡಿ. ಇಳಿಜಾರಿನ ಉದ್ದಕ್ಕೂ ಒತ್ತಿ ಹಿಡಿದೇ ಇದ್ದರೆ ಅದು ದೋಸೆ ಕಾವಲಿಯ ಹಾಗೆ ಕಾಯುತ್ತದೆ, ಕಾದಷ್ಟೂ ಹಿಡಿತ ಕಳೆದುಕೊಳ್ಳುತ್ತದೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದವರಿಗೆ ಆ ಸುಟ್ಟ ವಾಸನೆ ಗೊತ್ತಿರುತ್ತದೆ. ಅಲ್ಲಿ ಪಳಗಿದ ಬಸ್ ಡ್ರೈವರುಗಳನ್ನು ಗಮನಿಸಿ. ತಿರುವಿಗೆ ಬರುವ ಮೊದಲೇ ಗೇರು ಇಳಿಸಿರುತ್ತಾರೆ, ಇಂಜಿನ್ ಗುಂಯ್ ಅನ್ನುತ್ತಿರುತ್ತದೆ, ಬ್ರೇಕನ್ನು ಆಗಾಗ ಒತ್ತಿ ಬಿಡುತ್ತಾರೆ, ಅಷ್ಟೇ. ಆ ಗುಂಯ್ ಸದ್ದಿಗೆ ನನಗೆ ಮೊದಲು ಹೆದರಿಕೆ ಆಗುತ್ತಿತ್ತು. ಈಗ ಆ ಸದ್ದು ನಿಂತರೆ ಹೆದರಿಕೆ!

ಇನ್ನೊಂದು ಲೆಕ್ಕ ನನ್ನ ಮಗ ಹೇಳಿಕೊಟ್ಟ. ವೇಗ ಎರಡರಷ್ಟಾದರೆ ಬ್ರೇಕು ಹಾಕಿದ ಮೇಲೆ ಗಾಡಿ ನಿಲ್ಲಲು ಬೇಕಾಗುವ ದೂರ ಎರಡರಷ್ಟಲ್ಲ, ನಾಲ್ಕರಷ್ಟಂತೆ. ಸಮದಾರಿಯಲ್ಲೇ ಹೀಗೆ. ಇಳಿಜಾರಿನಲ್ಲಿ ಇನ್ನೂ ಹೆಚ್ಚು, ಮಳೆಗಾಲದ ಕೆಸರಿನಲ್ಲಂತೂ ಕೇಳುವುದೇ ಬೇಡ. ಅದಕ್ಕೇ ಗೇರನ್ನು ನೆತ್ತಿಯಲ್ಲೇ ಹಾಕಬೇಕು. ಅದೇ ಭಾರ ಹೊತ್ತು ಅದೇ ದಾರಿ ಹತ್ತಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು, ಕಡಿದಾಗಿದ್ದರೆ ಅದಕ್ಕಿಂತ ಒಂದು ಕಡಿಮೆ. ಅರ್ಧ ಇಳಿದ ಮೇಲೆ ವೇಗ ಹೆಚ್ಚಾಯಿತು ಅಂತ ಕ್ಲಚ್ಚು ಒತ್ತಿ ಗೇರು ಬದಲಿಸಹೊರಟರೆ ಗೇರು ಕೂರುವುದೇ ಇಲ್ಲ, ಕರಕರ ಅನ್ನುತ್ತದೆ. ಅಷ್ಟರಲ್ಲಿ ಟ್ರೇಲರು ತನ್ನ ಕೆಲಸ ಮಾಡಿರುತ್ತದೆ.

ಇದು ಗೊತ್ತಿಲ್ಲದವರು ನಮ್ಮ ಕಡೆ ಯಾರೂ ಇಲ್ಲ. ಆದರೂ ಹುಡುಗರು ನ್ಯೂಟ್ರಲ್ ಮಾಡುತ್ತಾರೆ. ಯಾಕೆ? ಡೀಸೆಲ್ ಉಳಿಯುತ್ತದಂತೆ. ನಮ್ಮ ಅತ್ತೆಯೂ ಈ ಪಕ್ಷದವರೇ. "ಸುಮ್ಮನೆ ಇಳಿಯುವ ಗಾಡಿಗೆ ಎಣ್ಣೆ ಯಾಕೆ ಸುಡೋದು ಮಾರಾಯ್ತಿ" ಅಂತಿದ್ದರು. ಇದು ಬರೀ ಭ್ರಮೆ. ಗೇರಿನಲ್ಲಿದ್ದು ಆಕ್ಸಿಲೇಟರ್ ಪೂರ್ತಿ ಬಿಟ್ಟಾಗ ಇಂಜಿನ್ನನ್ನು ತಿರುಗಿಸುವುದು ಚಕ್ರ, ಡೀಸೆಲ್ ಅಲ್ಲ. ಆಗ ಎಣ್ಣೆಯ ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ನ್ಯೂಟ್ರಲ್ ಮಾಡಿದಾಗ ಇಂಜಿನ್ ನಿಲ್ಲದೆ ಉರಿಯಲಿಕ್ಕಾದರೂ ಎಣ್ಣೆ ಬೇಕೇ ಬೇಕು. ಅತ್ತೆಗೆ ಇದನ್ನು ಒಪ್ಪಿಸಲು ನನಗೆ ಎರಡು ವಾರ ಹಿಡಿಯಿತು. ಈಗ ಅವರೇ ಜಗುಲಿಯಲ್ಲಿ ಕೂತು ಸದ್ದು ಕೇಳಿ, "ಹುಡುಗ ಗೇರಿನಲ್ಲೇ ಬರ್ತಾ ಇದಾನೆ" ಅಂತಾರೆ.

ಟಿಲ್ಲರಿಗೆ ಇನ್ನೊಂದು ವಿಚಿತ್ರ ಗುಣ ಇದೆ. ಅದರ ಹಿಡಿಕೆಗಳಲ್ಲಿ ಎಡಕ್ಕೊಂದು ಬಲಕ್ಕೊಂದು ತಿರುಗಿಸುವ ಕ್ಲಚ್ಚು. ಸಮದಾರಿಯಲ್ಲಿ ಎಡಗಡೆಯದನ್ನು ಹಿಡಿದರೆ ಎಡ ಚಕ್ರಕ್ಕೆ ಇಂಜಿನ್ನಿನ ಶಕ್ತಿ ತಪ್ಪಿ, ಬಲ ಚಕ್ರ ಮುಂದೆ ಹೋಗಿ ಗಾಡಿ ಎಡಕ್ಕೆ ತಿರುಗುತ್ತದೆ. ಇಳಿಜಾರಿನಲ್ಲಿ ಇದು ಉಲ್ಟಾ! ಅಲ್ಲಿ ಇಂಜಿನ್ ಚಕ್ರವನ್ನು ತಡೆದು ಹಿಡಿದಿರುತ್ತದಲ್ಲ, ಎಡ ಚಕ್ರವನ್ನು ಬಿಟ್ಟರೆ ಅದೇ ಮುಂದೆ ಓಡುತ್ತದೆ, ಗಾಡಿ ಬಲಕ್ಕೆ ತಿರುಗುತ್ತದೆ. ಗದ್ದೆಯಲ್ಲಿ ಹತ್ತು ವರ್ಷ ಉತ್ತವನಾದರೂ ಗಾಬರಿಯಲ್ಲಿ ಕೈ ಹಳೇ ಅಭ್ಯಾಸದಂತೆಯೇ ಹೋಗುತ್ತದೆ. ಪಕ್ಕದ ತೋಟದ ಹುಡುಗನಿಗೂ ಆದದ್ದು ಹೀಗೆಯೇ. ನ್ಯೂಟ್ರಲ್ ಮಾಡಿ ವೇಗ ಬಂದಿತ್ತು, ಹೆದರಿ ಹೇಗೋ ಗೇರಿಗೆ ತಳ್ಳಿದ, ದರೆ ತಪ್ಪಿಸಲು ಹಿಡಿದ ಕ್ಲಚ್ಚೇ ಅವನನ್ನು ದರೆಗೆ ಒಯ್ದಿತು. ಕಡಿದಾದ ಕಡೆ ಆ ಕ್ಲಚ್ಚುಗಳ ತಂಟೆಗೇ ಹೋಗದೆ, ನಿಧಾನವಾಗಿ, ಹಿಡಿಕೆಯನ್ನೇ ತಳ್ಳಿ ತಿರುಗಿಸಬೇಕು ಅಂತಾರೆ ನಮ್ಮವರು.

ಟ್ರ್ಯಾಕ್ಟರ್ ಇರುವ ಮನೆಯವರು ಬೇರೊಂದು ನೋಡಿಕೊಳ್ಳಬೇಕು. ಟ್ರ್ಯಾಕ್ಟರಿಗೆ ಬ್ರೇಕಿನ ಪೆಡಲು ಎರಡು, ಒಂದೊಂದು ಹಿಂಚಕ್ರಕ್ಕೆ ಒಂದೊಂದು. ಉಳುವಾಗ ಬೇರೆ ಬೇರೆ ಬೇಕು. ದಾರಿಗಿಳಿಯುವಾಗ ಅವೆರಡನ್ನೂ ಕೊಂಡಿ ಹಾಕಿ ಕೂಡಿಸಲೇಬೇಕು. ವೇಗದಲ್ಲಿ ಒಂದೇ ಪೆಡಲು ಒತ್ತಿದರೆ ಟ್ರ್ಯಾಕ್ಟರ್ ಅಡ್ಡ ತಿರುಗುತ್ತದೆ, ಹಿಂದಿನ ಟ್ರೇಲರು ಅದನ್ನು ಮಡಚಿ ಹಾಕುತ್ತದೆ. ನನ್ನ ತಮ್ಮನ ಮನೆಗೆ ಹೋದಾಗಲೆಲ್ಲ ನಾನು ಮೊದಲು ಬಗ್ಗಿ ನೋಡುವುದು ಆ ಕೊಂಡಿಯನ್ನೇ. ಅವನಿಗೆ ಸಿಟ್ಟು ಬರುತ್ತದೆ, ಬರಲಿ. ಎರಡು ಚಕ್ರದ ಟ್ರೇಲರಾದರೆ ಭಾರವೆಲ್ಲ ಹಿಂದಕ್ಕೆ ಹೇರಬಾರದು, ಸ್ವಲ್ಪ ಮುಂದಕ್ಕೇ ಇರಬೇಕು. ಹಿಂದೆ ಭಾರವಾದರೆ ಕೊಕ್ಕೆ ಮೇಲೆದ್ದು ಮುಂದಿನ ಗಾಡಿಯ ಚಕ್ರಕ್ಕೆ ನೆಲದ ಹಿಡಿತ ತಪ್ಪುತ್ತದೆ.

ಇನ್ನು ಹೆಂಗಸರ ವಿಷಯ. ಟ್ರೇಲರ್ ಸಾಮಾನಿಗೆ ಮಾತ್ರ, ಜನರನ್ನು ಕೂರಿಸಲು ಕಾನೂನಿನ ಒಪ್ಪಿಗೆ ಇಲ್ಲ. ಆದರೆ ದಿನವಿಡೀ ಕೊಯ್ದು ಸೋತ ಕಾಲಿಗೆ ಕಾನೂನು ಯಾರು ಹೇಳುತ್ತಾರೆ? ನಮ್ಮ ತೋಟದಲ್ಲಿ ಇನ್ನು ಮೂಟೆಯ ಮೇಲೆ ಯಾರೂ ಕೂರುವ ಹಾಗಿಲ್ಲ ಅಂದಾಗ ಅವರಿಗೇ ಸಿಟ್ಟು ಬಂತು. "ಅಮ್ಮಾ, ನೀವು ಗುಡ್ಡ ಹತ್ತಿ ಇಳಿದು ನೋಡಿ, ಆಮೇಲೆ ಹೇಳಿ" ಅಂದಳು ಒಬ್ಬ ಹಿರಿಯಳು. ಅವಳ ಮಾತಿನಲ್ಲಿ ನ್ಯಾಯ ಇತ್ತು. ಹಾಗಾಗಿ ಕೆಲಸ ಅರ್ಧ ಗಂಟೆ ಮೊದಲೇ ಬಿಡಬೇಕು, ಕೂಲಿ ಮಾತ್ರ ಪೂರ್ತಿ ಕೊಡಬೇಕು ಅಂತ ನಾನು ಪಟ್ಟು ಹಿಡಿದೆ. ಹನ್ನೆರಡು ಜನರ ಅರ್ಧ ಗಂಟೆ ಅಂದರೆ ದಿನಕ್ಕೆ ಆರು ಗಂಟೆ ಕೆಲಸ ಹೋಯಿತು ಅಂತ ನಮ್ಮವರು ಲೆಕ್ಕ ತೆಗೆದರು. ತೆಗೆಯಲಿ. ಮುರಿದ ಕಾಲಿಗೆ ಅವರ ಪುಸ್ತಕದಲ್ಲಿ ಯಾವ ಕಾಲಮ್ಮು ಇದೆ ಅಂತ ನಾನೂ ಕೇಳಿದೆ. ಒಂದು ದಿನ ಮಾತಿಲ್ಲ ಕಥೆಯಿಲ್ಲ. ಮರುದಿನ ಬೆಳಿಗ್ಗೆ ಕಾಫಿ ಕುಡಿಯುತ್ತಾ, "ಸರಿ, ನಾಲ್ಕೂವರೆಗೇ ಬಿಡೋಣ" ಅಂದರು. ಇದು ಮೂರನೇ ಕೊಯ್ಲು, ಹಾಗೇ ನಡೆಯುತ್ತಿದೆ. ಹೆಂಗಸರು ಮುಂದೆ ನಡೆದು ಇಳಿಯುವುದಿಲ್ಲ, ಟಿಲ್ಲರ್ ಕಣ ಮುಟ್ಟಿದ ಮೇಲೇ ಹೊರಡುತ್ತಾರೆ. ಹತೋಟಿ ತಪ್ಪಿದ ಗಾಡಿಯ ಎದುರಿಗೆ ಇರುವುದೂ ಅದರ ಮೇಲೆ ಕೂತಷ್ಟೇ ಅಪಾಯ.

ಟಾರು ರಸ್ತೆಗೆ ಬಂದರೆ ಹತ್ತುವ ಗಾಡಿಗೆ ಮೊದಲ ದಾರಿ ಬಿಡಬೇಕು. ಅಗಲವಿಲ್ಲದ ಗುಡ್ಡದ ದಾರಿಯಲ್ಲಿ ಇಳಿಯುವವರೇ ನಿಲ್ಲಬೇಕು ಅನ್ನುವುದು ಕಾನೂನೂ ಹೌದು. 2019ರ ಆಗಸ್ಟ್ ಮಳೆಗೆ ಗುಡ್ಡ ಕುಸಿದ ಮೇಲೆ ಚಾರ್ಮಾಡಿಯಲ್ಲಿ ಓಡಾಡಿದವರಿಗೆ ಇದರ ಬೆಲೆ ಗೊತ್ತು. ನಿಲ್ಲಬೇಕಾದರೆ ನಿಲ್ಲುವಷ್ಟು ನಿಧಾನ ಮೊದಲೇ ಇರಬೇಕಲ್ಲ.

ನಮ್ಮ ಟ್ರೇಲರಿಗೆ ಈಗ ಎರಡು ಮರದ ಗುಟ್ಟಗಳನ್ನು ಸರಪಳಿಯಲ್ಲಿ ಕಟ್ಟಿ ನೇತು ಹಾಕಿದ್ದೇವೆ, ಹಲಸಿನ ಮರದ್ದು, ಮಗನೇ ಕೊಯ್ದು ಮಾಡಿದ್ದು. ನಿಲ್ಲಿಸಿದಾಗ ಚಕ್ರಕ್ಕೆ ಕೊಡಲು. ಮೊದಲು ದಾರಿ ಬದಿಯ ಕಲ್ಲು ಕೊಡುತ್ತಿದ್ದರು, ಹೊರಡುವಾಗ ಆ ಕಲ್ಲನ್ನು ದಾರಿ ಮಧ್ಯವೇ ಬಿಟ್ಟು ಹೋಗುವುದು ಎಲ್ಲರ ಅಭ್ಯಾಸ. ಕತ್ತಲಲ್ಲಿ ಬೈಕಿನಲ್ಲಿ ಬರುವವರ ಗತಿ ಏನು ಹೇಳಿ! ನೀವು ಕಲ್ಲನ್ನೇ ಕೊಡುವವರಾದರೆ ಹೊರಡುವಾಗ ಅದನ್ನು ಬದಿಗೆ ಎತ್ತಿ ಹಾಕಿಸಿ.