ಒತ್ತುವವರಾರು?

ಕಳೆದ ಚಳಿಗಾಲದ ಒಂದು ಮಧ್ಯಾಹ್ನ ದೆಹಲಿಯ ನಮ್ಮ ಕಚೇರಿಯಲ್ಲಿ ಒತ್ತಡ ನಿರ್ವಹಣೆಯನ್ನು ಕುರಿತು ಉಪನ್ಯಾಸವೊಂದು ಏರ್ಪಾಡಾಗಿತ್ತು. ನಮ್ಮ ಶಾಖೆಯ ಐವರೂ ಹೋಗಿ ಕುಳಿತೆವು. ಹೇಳಿದಂತೆ ಕಣ್ಣು ಮುಚ್ಚಿ ನಿಧಾನವಾಗಿ ಉಸಿರಾಡಿದೆವು. ಭುಜಗಳ ಬಿಗಿ ಸಡಿಲವಾದದ್ದು ಸುಳ್ಳಲ್ಲ. ಕಣ್ಣು ತೆರೆದಾಗ ಬಾಗಿಲ ಬಳಿ ನೀರಿನ ಬಾಟಲಿಗಳನ್ನು ಹಿಡಿದು ನಿಂತಿದ್ದ ಪಂಡಿತ್‌ಜೀ ಕಂಡರು. ಟಪಾಲು ಹಂಚುತ್ತ, ಕಡತಗಳನ್ನು ಹೊರುತ್ತ ಮೂವತ್ತು ವರ್ಷ ಸವೆಸಿದ ಆ ಹಿರಿಯರಿಗೆ ಕುಳಿತುಕೊಳ್ಳಿ ಎಂದು ಯಾರೂ ಹೇಳಿರಲಿಲ್ಲ. ನಾವೂ ಹೇಳಿರಲಿಲ್ಲ.

ಅದಾದ ಕೆಲವೇ ದಿನಗಳಲ್ಲಿ, ಸಂಸತ್ತಿನ ಅಧಿವೇಶನದ ನಡುವೆ, ಅವರು ಮೆಟ್ಟಿಲುಗಳ ಮೇಲೆ ಎದೆ ಹಿಡಿದು ಕುಸಿದರು. ಹೃದಯಾಘಾತವಲ್ಲ, ರಕ್ತದೊತ್ತಡ ಮಿತಿಮೀರಿದೆ ಎಂದರು ವೈದ್ಯರು. ಆಸ್ಪತ್ರೆಯಲ್ಲಿ ಹಾಸಿಗೆಯ ಪಕ್ಕ ನಿಂತು, "ಕೆಲಸ ಹೆಚ್ಚಾಯಿತೇ ಪಂಡಿತ್‌ಜೀ?" ಎಂದು ಕೇಳಿದೆವು.

"ಕೆಲಸಕ್ಕೇನು ಸಾಹೇಬ್, ಎಷ್ಟಾದರೂ ಮಾಡುತ್ತೇನೆ. ಸಂಜೆ ಯಾವಾಗ ಬಿಡುತ್ತೀರೆಂದು ತಿಳಿಯದೆ ಕೂರುವುದೇ ಕಷ್ಟ. ಮನೆಯಲ್ಲಿ ಅವಳಿಗೆ ಹುಷಾರಿಲ್ಲ," ಎಂದರು.

ದೂರಿನ ದನಿಯಲ್ಲ ಅದು. ಆದುದರಿಂದಲೇ ನಮ್ಮನ್ನು ಹೆಚ್ಚು ಕಾಡಿತು. ಅಧಿವೇಶನದ ದಿನಗಳಲ್ಲಿ ಸದಸ್ಯರ ಪ್ರಶ್ನೆಗಳಿಗೆ ಉತ್ತರ ಸಿದ್ಧವಾಗಿ, ಮೇಲಿನವರ ಒಪ್ಪಿಗೆ ಪಡೆದು ಹೊರಡುವಷ್ಟರಲ್ಲಿ ರಾತ್ರಿ ಒಂಬತ್ತಾಗುವುದುಂಟು. ಕಡತ ಎಲ್ಲಿದೆ, ಯಾರ ಮೇಜಿನಲ್ಲಿ ನಿಂತಿದೆ ಎಂಬುದು ನಮಗೆ ಗೊತ್ತಿರುತ್ತದೆ. ಓಣಿಯ ಸ್ಟೂಲಿನಲ್ಲಿ ಕುಳಿತವರಿಗೆ ಗೊತ್ತಿರುವುದಿಲ್ಲ. ಎಷ್ಟೋ ಸಂಜೆ ಅವರ ಅಗತ್ಯವೇ ಬೀಳುತ್ತಿರಲಿಲ್ಲ. ಆದರೂ ‘ಇರಲಿ, ಬೇಕಾಗಬಹುದು’ ಎಂದು ನಾವು ಅವರನ್ನು ಕೂರಿಸಿಕೊಂಡಿದ್ದೆವು.

ಕೆಲಸದ ಭಾರಕ್ಕಿಂತ ಅದರ ಮೇಲಿನ ಹಿಡಿತದ ಅಭಾವವೇ ಮನುಷ್ಯನನ್ನು ಹೆಚ್ಚು ಸವೆಸಬಲ್ಲದೆಂಬ ಮಾತು ಹೊಸದಲ್ಲ. ಅದಕ್ಕೆ ಸಾಕ್ಷ್ಯ ದೊರೆತದ್ದೂ ಸರ್ಕಾರಿ ನೌಕರರಿಂದಲೇ. ಲಂಡನ್ನಿನ ವೈಟ್‌ಹಾಲ್ ಬ್ರಿಟಿಷ್ ಸರ್ಕಾರದ ಕಚೇರಿಗಳ ಬೀದಿ. ಅಲ್ಲಿಯ ನೌಕರರ ಆರೋಗ್ಯವನ್ನು ಕುರಿತು 1967ರಲ್ಲಿ ಅಧ್ಯಯನವೊಂದು ಆರಂಭವಾಯಿತು. ಜವಾಬ್ದಾರಿ ಹೊತ್ತ ಮೇಲಧಿಕಾರಿಗಳ ಹೃದಯವೇ ಮೊದಲು ಸೋಲುತ್ತದೆಂಬುದು ಲೋಕದ ನಂಬಿಕೆ. ಕಂಡದ್ದು ಬೇರೆ. ಹೃದ್ರೋಗದಿಂದ ಸಾಯುವವರ ಪ್ರಮಾಣ ಕೆಳಗಿನ ದರ್ಜೆಯಲ್ಲಿ, ಎಂದರೆ ಕಡತ ಒಯ್ಯುವವರಂಥವರಲ್ಲಿ, ಅತ್ಯುನ್ನತ ದರ್ಜೆಯವರಿಗಿಂತ ಮೂರು ಪಟ್ಟಿಗೂ ಹೆಚ್ಚಾಗಿತ್ತು. ಧೂಮಪಾನ, ರಕ್ತದೊತ್ತಡಗಳು ಈ ಅಂತರದ ಒಂದು ಭಾಗವನ್ನಷ್ಟೇ ವಿವರಿಸಿದವು. 1985ರಲ್ಲಿ ಮೈಕಲ್ ಮಾರ್ಮಟ್ ಅವರ ನೇತೃತ್ವದಲ್ಲಿ 10,308 ಸ್ತ್ರೀಪುರುಷ ನೌಕರರನ್ನು ಒಳಗೊಂಡ ಎರಡನೆಯ ಅಧ್ಯಯನ ಮೊದಲಾಯಿತು. ತಮ್ಮ ಕೆಲಸದ ಮೇಲೆ ತಮಗೆ ಹಿಡಿತವಿಲ್ಲದವರಲ್ಲಿ ಹೃದ್ರೋಗದ ಸಾಧ್ಯತೆ ಹೆಚ್ಚೆಂದು ಅದು ತೋರಿಸಿತು.

1984ರಲ್ಲಿ ಮನಶ್ಶಾಸ್ತ್ರಜ್ಞರಾದ ರಿಚರ್ಡ್ ಲಾಜರಸ್ ಮತ್ತು ಸುಸಾನ್ ಫೋಕ್‌ಮನ್ ಒತ್ತಡವನ್ನು ಎದುರಿಸುವ ಬಗೆಗಳನ್ನು ಎರಡಾಗಿ ವಿಂಗಡಿಸಿದರು: ಸನ್ನಿವೇಶವನ್ನೇ ಬದಲಿಸಲು ಯತ್ನಿಸುವುದು ಒಂದು, ಸನ್ನಿವೇಶ ನಮ್ಮಲ್ಲಿ ಎಬ್ಬಿಸುವ ಭಾವನೆಯನ್ನು ಹದಗೊಳಿಸಿಕೊಳ್ಳುವುದು ಇನ್ನೊಂದು. ಎರಡೂ ಬೇಕು. ಉಸಿರಾಟದ ಅಭ್ಯಾಸ ಎರಡನೆಯ ಬಗೆಯದು. ಬದಲಿಸಲಾಗದ ದುಃಖಗಳಿಗೆ ಅದೇ ಆಸರೆ. ಆದರೆ ಪಂಡಿತ್‌ಜೀ ಅವರ ಸಂಜೆ ಬದಲಿಸಲಾಗದ ದುಃಖವಾಗಿರಲಿಲ್ಲ. ಅದನ್ನು ಬದಲಿಸುವ ಶಕ್ತಿ ಅವರ ಕೈಯಲ್ಲಿರಲಿಲ್ಲ, ಅಷ್ಟೆ, ನಮ್ಮ ಕೈಯಲ್ಲಿತ್ತು.

ನಮ್ಮಂಥ ಇಂಗ್ಲಿಷ್ ಎಂ.ಎ.ಗಳಿಗೆ ‘ಸ್ಟ್ರೆಸ್’ ಎಂದರೆ ಮೊದಲು ನೆನಪಾಗುವುದು ಪದ್ಯದ ಸಾಲಿನಲ್ಲಿ ಅಕ್ಷರದ ಮೇಲೆ ಬೀಳುವ ಒತ್ತು. ಅದೇ ಪದ ಕಚೇರಿಗೆ ಬಂದಾಗ ಹವಾಮಾನದಂತೆ ಕೇಳಿಸುತ್ತದೆ; ಯಾರೂ ಕಾರಣರಲ್ಲ, ಎಲ್ಲರೂ ಅದರೊಳಗಿದ್ದೇವೆ ಎಂಬಂತೆ. ಕನ್ನಡದ ‘ಒತ್ತಡ’ ಅಷ್ಟು ಸುಲಭವಾಗಿ ನಮ್ಮನ್ನು ಬಿಡುವುದಿಲ್ಲ. ಅದರೊಳಗೆ ‘ಒತ್ತು’ ಎಂಬ ಕ್ರಿಯೆಯಿದೆ. ಒತ್ತುವವರಾರು ಎಂಬ ಪ್ರಶ್ನೆಯಿದೆ. ಮೇಲಿನವರು ನಮ್ಮನ್ನು ಒತ್ತುತ್ತಾರೆಂದು ಚಹಾದ ಹೊತ್ತಿನಲ್ಲಿ ಎಷ್ಟು ಮಾತಾಡಿಕೊಂಡಿದ್ದೇವೆ! ನಮ್ಮ ಕೈಯ ಕೆಳಗೂ ಒಬ್ಬರಿದ್ದಾರೆಂಬುದು ಒಮ್ಮೆಯೂ ಮಾತಿಗೆ ಬಂದಿರಲಿಲ್ಲ.

ಅವರು ಕೆಲಸಕ್ಕೆ ಮರಳಿದ ಮೇಲೆ ನಾವು ಮಾಡಿದ್ದು ಬಹಳ ಸಣ್ಣದು. ಅಧಿವೇಶನದ ಸಂಜೆಗಳಿಗೆ ಸರದಿಯ ಪಟ್ಟಿ ಬರೆದು ಗೋಡೆಗೆ ಅಂಟಿಸಿದೆವು. ಯಾವ ದಿನ ತಮ್ಮದೆಂಬುದನ್ನು ಅವರೇ ಆರಿಸಿಕೊಂಡರು. ಉಳಿದ ದಿನಗಳ ಓಡಾಟವನ್ನು ನಾವೈವರು ಹಂಚಿಕೊಂಡೆವು. ಇದಕ್ಕೆ ಆದೇಶ ಬೇಕಿರಲಿಲ್ಲ, ಹಣ ಬೇಕಿರಲಿಲ್ಲ. ಹಾಗಿದ್ದೂ ಇಷ್ಟು ವರ್ಷ ಏಕೆ ಹೊಳೆಯಲಿಲ್ಲವೆಂಬುದಕ್ಕೆ ನಮ್ಮಲ್ಲಿ ಮರ್ಯಾದೆಯ ಉತ್ತರವಿಲ್ಲ.

ಅವರ ರಕ್ತದೊತ್ತಡ ಇಳಿಯಿತೆಂದು ಹೇಳಿಕೊಳ್ಳಲಾರೆವು. ಮಾತ್ರೆ ನಡೆದೇ ಇದೆ. ಆದರೆ ಮುಂದಿನ ಅಧಿವೇಶನದ ಒಂದು ಸಂಜೆ, ಆರು ಗಂಟೆಗೆ, ಪಂಡಿತ್‌ಜೀ ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತರು. "ಇವತ್ತು ನನ್ನ ಸರದಿಯಲ್ಲ ಸಾಹೇಬ್," ಎಂದರು. ಅಪ್ಪಣೆಗೆ ಕಾಯಲಿಲ್ಲ, ಹೊರಟುಹೋದರು. ಸ್ವಲ್ಪ ಹೊತ್ತಿನಲ್ಲಿ ಮೇಲಿನಿಂದ ಕಡತಕ್ಕೆ ಕರೆ ಬಂತು. ನಾವೇ ಎದ್ದು ಒಯ್ದೆವು.